ಸಾಕು ಎನ್ನಲು ಬಿಡದ ತಿಂಡಿ

ಕಳೆದ ರಮಝಾನ್‌ಗೆ ಕೆಲವು ದಿನ ಮುಂಚೆ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಒಂದು ಹಳೆಯ ಸಂದೇಶ ಮತ್ತೆ ಬಂತು. ನೀವೂ ನೋಡಿರುತ್ತೀರಿ. ಬಿಸ್ಕತ್ತು, ಚಿಪ್ಸ್, ಚಾಕಲೇಟುಗಳ ಪೊಟ್ಟಣದ ಹಿಂಬದಿಯಲ್ಲಿರುವ ‘ಇ’ ಸಂಖ್ಯೆಗಳೆಲ್ಲ ಹಂದಿಯ ಕೊಬ್ಬಿನ ಗುಪ್ತ ಹೆಸರುಗಳು, ಕೂಡಲೇ ಎಲ್ಲರಿಗೂ ಕಳುಹಿಸಿ ಎಂಬ ಸಂದೇಶ ಅದು. ಕೆಳಗೆ ಸಂಖ್ಯೆಗಳ ಉದ್ದನೆಯ ಪಟ್ಟಿ. ಪಟ್ಟಿಯ ಮೊದಲ ಸಂಖ್ಯೆಯೇ 100. ಇದು ಕರ್ಕ್ಯುಮಿನ್, ಅಂದರೆ ನಮ್ಮ ಅಡುಗೆ ಮನೆಯ ಅರಶಿನದ ಹಳದಿ ಬಣ್ಣ.

ಆ ಸಂದೇಶ ಕಳುಹಿಸಿದ ಹಿರಿಯರ ಕಾಳಜಿಯನ್ನು ನಾನು ಲಘುವಾಗಿ ಕಾಣುವುದಿಲ್ಲ. ಕೆಲವು ಸಂಖ್ಯೆಗಳ ಬಗ್ಗೆ ನಿಜಕ್ಕೂ ವಿಚಾರಿಸಬೇಕಾಗುತ್ತದೆ. 120 ಎಂಬುದು ಒಂದು ಜಾತಿಯ ಕೀಟದಿಂದ ತೆಗೆಯುವ ಕೆಂಪು ಬಣ್ಣ. ಎಣ್ಣೆ ಮತ್ತು ನೀರನ್ನು ಬೆರೆಸಿ ಹಿಡಿದಿಡುವ 471 ಸಸ್ಯದ ಎಣ್ಣೆಯಿಂದಲೂ ಬರಬಹುದು, ಪ್ರಾಣಿಯ ಕೊಬ್ಬಿನಿಂದಲೂ ಬರಬಹುದು. ನಮ್ಮ ದೇಶದಲ್ಲಿ ಪೊಟ್ಟಣದ ಮೇಲಿನ ಹಸಿರು ಗುರುತು ಈ ಸಂಶಯವನ್ನು ಬಹುಮಟ್ಟಿಗೆ ಪರಿಹರಿಸುತ್ತದೆ. ವಿದೇಶದಿಂದ ಬಂದ ಡಬ್ಬಿಯಾದರೆ ಹಲಾಲ್ ಮೊಹರು ನೋಡುತ್ತೇವೆ. ಅಲ್ಲಿಗೆ ನಮ್ಮ ತಪಾಸಣೆ ಮುಗಿಯುತ್ತದೆ.

ನನ್ನ ತಕರಾರು ಇರುವುದು ಇಲ್ಲೇ. ಸಂದೇಶ ಬಂದ ಅದೇ ವಾರ ನನ್ನ ತಂಗಿಯ ಹನ್ನೆರಡು ವರ್ಷದ ಮಗನನ್ನು ಹೊಟ್ಟೆನೋವೆಂದು ವೈದ್ಯರಲ್ಲಿಗೆ ಕರೆದೊಯ್ದಿದ್ದರು. ತೂಕ 61 ಕಿಲೋ. ಸ್ಕ್ಯಾನ್ ಮಾಡಿದಾಗ ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬಿರುವುದು ಕಂಡಿತು. ನಮ್ಮ ಮನೆಯಲ್ಲಿ ಯಾರೂ ಹರಾಮ್ ತಿಂದವರಲ್ಲ. ಹುಡುಗ ತಿಂದದ್ದೆಲ್ಲ ಹಸಿರು ಗುರುತಿನದೇ: ಶಾಲೆಯಿಂದ ಬರುವಾಗ ಗೂಡಂಗಡಿಯಲ್ಲಿ ಐದು ರೂಪಾಯಿಯ ಎರಡು ಪೊಟ್ಟಣ, ಸಂಜೆ ನೂಡಲ್ಸ್, ಫ್ರಿಜ್‌ನಲ್ಲಿ ಸದಾ ಇರುವ ಸಿಹಿ ಪಾನೀಯ. ವೈದ್ಯರು ತಂಗಿಗೆ ಬೈದರು. ಮನೆಗೆ ಬಂದ ಮೇಲೆ ಭಾವನೂ ಬೈದರು. “ಬಾಯಿಗೆ ಕಡಿವಾಣ ಬೇಡವೇ?” ಎಂದು ಎಲ್ಲರೂ ಸೇರಿ ಹುಡುಗನಿಗೆ ಬೈದರು. ಅವನು ತಲೆ ತಗ್ಗಿಸಿ, “ಸಾಕು ಅಂತ ಅನಿಸುವುದೇ ಇಲ್ಲ ಮಾಮ, ನಾನೇನು ಮಾಡಲಿ?” ಎಂದ.

ಮಗು ನಿಜವನ್ನೇ ಹೇಳಿದ್ದ. ಸಾಕು ಎನಿಸಬಾರದು ಎಂದೇ ಆ ತಿಂಡಿಯನ್ನು ಮಾಡಿದ್ದಾರೆ. ಇದು ಸಿಟ್ಟಿನಲ್ಲಿ ಹೇಳುವ ಮಾತಲ್ಲ, ಆ ಉದ್ಯಮದೊಳಗಿನ ಜನರೇ ಬಿಡಿಸಿ ಹೇಳಿರುವ ಸಂಗತಿ.

ಹೊವಾರ್ಡ್ ಮಾಸ್ಕೊವಿಟ್ಜ್ ಎಂಬ ಅಮೆರಿಕನ್ ಮನೋವಿಜ್ಞಾನಿಯ ಕೆಲಸ ಇದಕ್ಕೆ ಒಳ್ಳೆಯ ಉದಾಹರಣೆ. ಗಣಿತ ಓದಿ, ಹಾರ್ವರ್ಡ್‌ನಲ್ಲಿ ಪ್ರಾಯೋಗಿಕ ಮನಃಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಈತ ಮೊದಲು ದುಡಿದದ್ದು ಅಮೆರಿಕದ ಸೇನೆಯ ಪ್ರಯೋಗಾಲಯದಲ್ಲಿ. ಅಲ್ಲಿ ಸಮಸ್ಯೆ ತಿರುಗುಮುರುಗಾಗಿತ್ತು. ಪೊಟ್ಟಣದ ಊಟ ಬೇಸರ ಬಂದು ಸೈನಿಕರು ಅರ್ಧಕ್ಕೇ ಬಿಡುತ್ತಿದ್ದರು, ಅವರು ಪೂರ್ತಿ ತಿನ್ನುವಂತೆ ಮಾಡಬೇಕಿತ್ತು. ಒಂದೇ ಗಾಢವಾದ ರುಚಿ ಮಿದುಳಿಗೆ ಬೇಗ ಸಾಕಾಗುತ್ತದೆ, ಯಾವ ರುಚಿಯೂ ಮುಂದೆ ನಿಲ್ಲದ ಹದವಾದ ಮಿಶ್ರಣ ಸಾಕೆನಿಸುವುದಿಲ್ಲ ಎಂಬುದು ಇಂಥ ಅಧ್ಯಯನಗಳಿಂದ ತಿಳಿದ ವಿಷಯ. ಹಸಿದು ಬಳಲುವ ಸೈನಿಕನಿಗೆ ಇದು ಉಪಕಾರ. ಮುಂದೆ ಇದೇ ವಿದ್ಯೆ ಕಂಪೆನಿಗಳ ಕೈಗೆ ಹೋಯಿತು.

ಸಕ್ಕರೆ ಹೆಚ್ಚಿಸುತ್ತಾ ಹೋದಂತೆ ರುಚಿ ಏರುತ್ತದೆ. ಒಂದು ಹಂತ ದಾಟಿದರೆ ಅದೇ ಸಿಹಿ ಮೊಗಚುತ್ತದೆ, ರುಚಿ ಇಳಿಯುತ್ತದೆ. ಏರಿಕೆಯ ಆ ತುತ್ತತುದಿಯನ್ನು ಮಾಸ್ಕೊವಿಟ್ಜ್ ‘ಬ್ಲಿಸ್ ಪಾಯಿಂಟ್’ ಎಂದರು. ಪರಮಸುಖದ ಬಿಂದು ಎನ್ನೋಣ. ಅಡುಗೆಯವರು ನಾಲಗೆಯ ಅಂದಾಜಿನಲ್ಲಿ ಹುಡುಕುವುದನ್ನು ಇವರು ಲೆಕ್ಕದಲ್ಲಿ ಹುಡುಕುತ್ತಾರೆ. ಡಾಕ್ಟರ್ ಪೆಪ್ಪರ್ ಎಂಬ ಪಾನೀಯದ ಒಂದು ಹೊಸ ಬಗೆಗಾಗಿ ಅವರ ತಂಡ 61 ಮಾದರಿಗಳನ್ನು ಮಾಡಿ, ಅಮೆರಿಕದ ನಾಲ್ಕು ನಗರಗಳ ಜನರಿಗೆ 3,904 ಬಾರಿ ರುಚಿ ತೋರಿಸಿ ಅಂಕ ಪಡೆಯಿತು. ಅಷ್ಟೂ ಅಂಕಗಳನ್ನು ಗಣಿತಕ್ಕೆ ಹಾಕಿ ಅಂತಿಮ ಸೂತ್ರವನ್ನು ನಿರ್ಧರಿಸಿದರು. ಪತ್ರಕರ್ತ ಮೈಕೆಲ್ ಮಾಸ್ 2013ರಲ್ಲಿ ಬರೆದ ಪುಸ್ತಕದಿಂದ ಇದು ಹೊರಜಗತ್ತಿಗೆ ತಿಳಿಯಿತು. ಮಕ್ಕಳ ವಿಷಯದಲ್ಲಿ ಇನ್ನೊಂದು ಸಂಗತಿಯಿದೆ. ಫಿಲಡೆಲ್ಫಿಯಾದ ಮೊನೆಲ್ ಸಂಶೋಧನಾ ಕೇಂದ್ರದ ಅಧ್ಯಯನಗಳ ಪ್ರಕಾರ ಮಕ್ಕಳಿಗೆ ಈ ತುದಿ ದೊಡ್ಡವರಿಗಿಂತ ಬಹಳ ಮೇಲಿದೆ. ನಮಗೆ ಮೊಗಚುವ ಸಿಹಿ ಅವರಿಗೆ ಮೊಗಚುವುದಿಲ್ಲ.

ನನ್ನ ಸೋದರಳಿಯನಿಗೆ ಪ್ರಿಯವಾದದ್ದು ಮೆಕ್ಕೆಜೋಳದ ಉಬ್ಬಿದ ಕುರುಕಲು. ಅದನ್ನು ಹೇಗೆ ಮಾಡುತ್ತಾರೆ ಎಂದು ಕುಳಿತು ವಿವರಿಸಿದೆ, ಅವನು ಬಾಯಿ ತೆರೆದು ಕೇಳಿದ. ತುಸು ತೇವ ಮಾಡಿದ ಜೋಳದ ರವೆಯನ್ನು ಕಬ್ಬಿಣದ ಕೊಳವೆಯೊಳಗೆ ಹಾಕಿ, ತಿರುಗುವ ಸ್ಕ್ರೂ ಒಂದರಿಂದ ಒತ್ತುತ್ತಾರೆ. ಒತ್ತಡಕ್ಕೂ ತಿಕ್ಕಾಟಕ್ಕೂ ಅದು ಕಾದು ಕರಗಿದಂತಾಗುತ್ತದೆ. ಕೊನೆಯ ಸಣ್ಣ ತೂತಿನಿಂದ ಹೊರಬಿದ್ದ ಕ್ಷಣವೇ ಒಳಗಿನ ನೀರು ಆವಿಯಾಗಿ ಸಿಡಿಯುತ್ತದೆ, ಹಿಟ್ಟು ಉಬ್ಬಿ ನೊರೆಯಂತಾಗುತ್ತದೆ. ಆಮೇಲೆ ಒಣಗಿಸಿ, ಎಣ್ಣೆ ಮತ್ತು ಮಸಾಲೆ ಪುಡಿಯೊಂದಿಗೆ ದೊಡ್ಡ ಪೀಪಾಯಿಯಲ್ಲಿ ಉರುಳಿಸುತ್ತಾರೆ. 1930ರ ದಶಕದಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ಕಾರ್ಖಾನೆಯೊಂದರಲ್ಲಿ ಜೋಳವನ್ನು ಪಶು ಆಹಾರ ಮಾಡುವ ಯಂತ್ರದಿಂದ ಇಂಥ ಉಬ್ಬಿದ ತುಣುಕು ಆಕಸ್ಮಿಕವಾಗಿ ಹೊರಬಂದಿತ್ತು. ದನದ ಮೇವಿನ ಯಂತ್ರ ಎಂದು ಕೇಳಿ ಹುಡುಗ ಜೋರಾಗಿ ನಕ್ಕ.

ಬಾಯಿಗೆ ಹಾಕಿದೊಡನೆ ಆ ನೊರೆ ಕರಗಿ ಮಾಯವಾಗುತ್ತದೆ. ಗುಟ್ಟು ಇರುವುದು ಆ ಕರಗುವಿಕೆಯಲ್ಲೇ. ಸ್ಟೀವನ್ ವಿದರ್ಲಿ ಎಂಬ ಆಹಾರ ವಿಜ್ಞಾನಿ ಇದಕ್ಕೆ ಕೊಟ್ಟ ವಿವರಣೆ ಸರಳ. ಬಾಯಲ್ಲಿ ಬೇಗ ಕರಗಿದ್ದನ್ನು ಮಿದುಳು ‘ಏನೂ ತಿನ್ನಲಿಲ್ಲ’ ಎಂದೇ ಲೆಕ್ಕ ಹಿಡಿಯುತ್ತದೆ, ಕೈ ಮತ್ತೆ ಪೊಟ್ಟಣಕ್ಕೆ ಹೋಗುತ್ತದೆ. ಅಗಿಯುವ ಕೆಲಸ ಇಲ್ಲದ್ದರಿಂದ ಹೊಟ್ಟೆ ತುಂಬಿದ ಸುದ್ದಿ ಮಿದುಳಿಗೆ ಮುಟ್ಟುವ ಮೊದಲೇ ಪೊಟ್ಟಣ ಖಾಲಿಯಾಗಿರುತ್ತದೆ.

ಶಬ್ದವನ್ನೂ ಬಿಟ್ಟಿಲ್ಲ. ಆಕ್ಸ್‌ಫರ್ಡ್‌ನ ಚಾರ್ಲ್ಸ್ ಸ್ಪೆನ್ಸ್ ಮತ್ತು ಸಂಗಡಿಗರು 2004ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಚಿಪ್ಸ್ ಕಚ್ಚುವವರ ಕಿವಿಗೆ ಅವರದೇ ಕಚ್ಚುವ ಸದ್ದನ್ನು ಹೆಚ್ಚು ಕಡಿಮೆ ಮಾಡಿ ಕೇಳಿಸಿದರು. ಸದ್ದು ಹೆಚ್ಚಿದಾಗ ಅದೇ ಚಿಪ್ಸ್ ಹೆಚ್ಚು ಗರಿಗರಿ, ಹೆಚ್ಚು ತಾಜಾ ಎಂದು ಜನ ಹೇಳಿದರು. ಪೊಟ್ಟಣದೊಳಗಿನ ಗಾಳಿಯೂ ಬರೀ ಗಾಳಿಯಲ್ಲ. ಎಣ್ಣೆ ಕಮಟಾಗದಿರಲು ತುಂಬುವ ಸಾರಜನಕ ಅದು.

ಇನ್ನು ಮಸಾಲೆ ಪುಡಿ. ಪೊಟ್ಟಣದ ಹಿಂದೆ 621 ಅಥವಾ 627, 631, 635 ಕಂಡರೆ ಅವು ರುಚಿವರ್ಧಕಗಳು. 621 ಅಂದರೆ ಜಪಾನಿನ ಕಿಕುನಾಯೆ ಇಕೆಡಾ 1908ರಲ್ಲಿ ಕಡಲಕಳೆಯ ಸಾರಿನಿಂದ ಬೇರ್ಪಡಿಸಿದ ಗ್ಲುಟಮೇಟ್‌ನ ಲವಣ. ಅದನ್ನು ವಿಷ ಎನ್ನುವವರ ಜೊತೆ ನಾನಿಲ್ಲ. ಟೊಮೆಟೊದಲ್ಲೂ ತಾಯಿಯ ಹಾಲಿನಲ್ಲೂ ಗ್ಲುಟಮೇಟ್ ಇದೆ. ನನ್ನ ಆಕ್ಷೇಪ ಬೇರೆ. ಮಾಂಸವೋ ಬೇಳೆಯೋ ಬೆಂದ ಸಾರಿನ ರುಚಿ ಸಿಕ್ಕಿದರೆ ದೇಹ ಅಲ್ಲಿ ಪ್ರೋಟೀನ್ ಇದೆ ಎಂದು ನಂಬುತ್ತದೆ. ಇಲ್ಲಿ ಆ ರುಚಿ ಇದೆ, ಬೇಳೆಯೂ ಇಲ್ಲ, ಮಾಂಸವೂ ಇಲ್ಲ. ಇರುವುದು ಮೈದಾ, ಪಾಮ್ ಎಣ್ಣೆ, ಉಪ್ಪು. ಅಳತೆಯಲ್ಲಿ ಮೋಸ ಮಾಡುವ ವ್ಯಾಪಾರಿಯನ್ನು ನಾವು ಏನೆನ್ನುತ್ತೇವೆ? ನಾಲಗೆಗೆ ಒಂದು ತೋರಿಸಿ ಹೊಟ್ಟೆಗೆ ಇನ್ನೊಂದು ಕೊಡುವುದೂ ನನಗೆ ಅದೇ ಸಾಲಿನದ್ದಾಗಿ ಕಾಣುತ್ತದೆ.

“ಇದೆಲ್ಲ ಸಕ್ಕರೆ, ಉಪ್ಪು, ಎಣ್ಣೆಯ ದೋಷ ತಾನೇ? ಮನೆಯಲ್ಲಿ ಮಾಡಿದ್ದರಲ್ಲೂ ಅವು ಇಲ್ಲವೇ?” ಎಂದು ಕೇಳಬಹುದು. ಇದನ್ನೇ ಪರೀಕ್ಷಿಸಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ಮತ್ತು ತಂಡ 20 ವಯಸ್ಕರನ್ನು ನಾಲ್ಕು ವಾರ ಆಸ್ಪತ್ರೆಯಲ್ಲೇ ಇರಿಸಿಕೊಂಡಿತು. ಎರಡು ವಾರ ಕಾರ್ಖಾನೆಯ ಅತಿಸಂಸ್ಕರಿತ ಆಹಾರ, ಎರಡು ವಾರ ಸಂಸ್ಕರಿಸದ ಪದಾರ್ಥಗಳಿಂದ ಮಾಡಿದ ಅಡುಗೆ. ಎರಡೂ ಬಗೆಯ ತಟ್ಟೆಗಳಲ್ಲಿ ಮುಂದಿಟ್ಟ ಕ್ಯಾಲೊರಿ, ಸಕ್ಕರೆ, ಕೊಬ್ಬು, ಉಪ್ಪು, ನಾರಿನಂಶ ಸಮವಾಗಿತ್ತು. ಬೇಕಾದಷ್ಟು ತಿನ್ನಿ, ಬೇಡವಾದರೆ ಬಿಡಿ ಎಂದರು. ಕಾರ್ಖಾನೆಯ ಆಹಾರದ ವಾರಗಳಲ್ಲಿ ಅದೇ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ಬೇಗಬೇಗನೆ ತಿಂದರು. ಎರಡು ವಾರದಲ್ಲಿ ತೂಕ ಸರಾಸರಿ 0.9 ಕಿಲೋ ಏರಿತು. ಇನ್ನೊಂದು ಆಹಾರದಲ್ಲಿ ಅಷ್ಟೇ ಇಳಿಯಿತು. ಅವರೆಲ್ಲ ವಯಸ್ಕರು, ಪರೀಕ್ಷೆ ನಡೆಯುತ್ತಿದೆ ಎಂದು ಗೊತ್ತಿದ್ದವರು. ಹನ್ನೆರಡು ವರ್ಷದ ಹುಡುಗನಿಗೆ ಕಡಿವಾಣದ ಪಾಠ ಹೇಳುವ ಮೊದಲು ನಾವು ಇದನ್ನು ನೆನೆಯಬೇಕು.

ಹೊಟ್ಟೆಯ ಮೂರನೇ ಒಂದು ಭಾಗ ಆಹಾರಕ್ಕೆ, ಒಂದು ಭಾಗ ನೀರಿಗೆ, ಒಂದು ಭಾಗ ಉಸಿರಾಟಕ್ಕೆ ಎಂಬ ಪ್ರವಾದಿವರ್ಯರ(ಸ) ಬೋಧನೆಯನ್ನು ಮದ್ರಸದಲ್ಲಿ ಎಲ್ಲ ಮಕ್ಕಳೂ ಕಲಿಯುತ್ತಾರೆ. ಅದನ್ನು ಪಾಲಿಸಲು ಒಂದು ಭಾಗ ತುಂಬಿತು ಎಂದು ದೇಹ ತಿಳಿಸಬೇಕು. ಆ ತಿಳಿಸುವ ಗಂಟೆಯ ನಾಲಗೆಯನ್ನೇ ಕಟ್ಟಿಹಾಕಿದ ತಿಂಡಿಯನ್ನು ಕೈಗಿತ್ತು ಬೋಧನೆ ಮಾಡಿದರೆ ಏನು ಪ್ರಯೋಜನ? ಹಲಾಲ್ ಎನ್ನುವಾಗ ಅದರ ಜೊತೆಗೇ ತಯ್ಯಿಬ್, ಅಂದರೆ ಶುದ್ಧ, ಹಿತಕರ ಎಂಬ ಮಾತೂ ಬರುತ್ತದೆ. ಮೊಹರು ಹಾಕುವ ಸಂಸ್ಥೆ ಮೊದಲನೆಯದನ್ನು ನೋಡುತ್ತದೆ. ಎರಡನೆಯದನ್ನು ನೋಡಲು ನಮ್ಮ ಮನೆಯವರ ಹೊರತು ಬೇರೆ ಯಾರೂ ಇಲ್ಲ.

ವಿಜ್ಞಾನಿಗಳನ್ನು ದೂರಿ ಕೂರುವುದೂ ಸರಿಯಲ್ಲ. ಮೈಸೂರಿನ ಚೆಲುವಾಂಬ ಭವನದಲ್ಲಿ 1950ರಿಂದ ಇರುವ ಸಿಎಫ್‌ಟಿಆರ್‌ಐಯನ್ನು ನೋಡಿ. ಅದೂ ಆಹಾರ ವಿಜ್ಞಾನಿಗಳ ಮನೆಯೇ. ಎಮ್ಮೆ ಹಾಲಿನಿಂದ ಶಿಶು ಆಹಾರ ತಯಾರಿಸುವುದು ಕಷ್ಟ ಎಂದುಕೊಂಡಿದ್ದ ಕಾಲದಲ್ಲಿ ಅದರ ವಿಧಾನವನ್ನು ಕಂಡುಹಿಡಿದು ಅಮುಲ್‌ಗೆ ಕೊಟ್ಟವರು ಅಲ್ಲಿಯವರು. ನೆಲಗಡಲೆ ಹಿಂಡಿಯ ಹಿಟ್ಟು ಮತ್ತು ಕಡಲೆಹಿಟ್ಟು ಬೆರೆಸಿ, ಬಡಮಕ್ಕಳಿಗೆ ಕಡಿಮೆ ಖರ್ಚಿನಲ್ಲಿ ಪ್ರೋಟೀನ್ ಸಿಗುವ ಆಹಾರವನ್ನು ರೂಪಿಸಿದವರೂ ಅವರೇ. ವಿದ್ಯೆ ಎರಡೂ ಕಡೆ ಒಂದೇ: ಒಣಗಿಸುವುದು, ಉಬ್ಬಿಸುವುದು, ಕೆಡದಂತೆ ಇಡುವುದು, ರುಚಿ ಕೂಡಿಸುವುದು. ಒಬ್ಬರ ಮುಂದಿಟ್ಟ ಪ್ರಶ್ನೆ ‘ಈ ಮಗು ಬದುಕುವುದು ಹೇಗೆ?’ ಎಂದಾಗಿತ್ತು. ಇನ್ನೊಬ್ಬರ ಮುಂದಿಟ್ಟದ್ದು ‘ಈ ಮಗು ಇನ್ನೊಂದು ಪೊಟ್ಟಣ ಕೇಳುವುದು ಹೇಗೆ?’ ಎಂದು.

ಎರಡನೆಯ ಪ್ರಶ್ನೆ ಕೇಳುವವರಿಗೆ ಅದರ ಫಲ ಗೊತ್ತಿಲ್ಲ ಎನ್ನುವಂತೆಯೂ ಇಲ್ಲ. 1999ರ ಏಪ್ರಿಲ್ 8ರಂದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಅಲ್ಲಿನ ದೊಡ್ಡ ಆಹಾರ ಕಂಪೆನಿಗಳ ಮುಖ್ಯಸ್ಥರು ಒಟ್ಟು ಸೇರಿದ್ದರು. ಕ್ರಾಫ್ಟ್ ಕಂಪೆನಿಯ ಉಪಾಧ್ಯಕ್ಷ ಮೈಕೆಲ್ ಮಡ್ ಮಕ್ಕಳ ಬೊಜ್ಜಿನ ಅಂಕಿಅಂಶಗಳನ್ನು ಮುಂದಿಟ್ಟು, ನಾವೆಲ್ಲ ಸೇರಿ ಏನಾದರೂ ಮಾಡಬೇಕು ಎಂದು ಕೇಳಿಕೊಂಡರು. ಸಭೆ ಒಪ್ಪಲಿಲ್ಲ. ಎಲ್ಲರೂ ಎದ್ದು ಹೋದರು.

ನಮ್ಮ ಕರಾವಳಿಯ ಮನೆಗಳಿಗೆ ಈ ಆಹಾರ ಅಂಗಡಿಗಳಿಗಿಂತ ಮೊದಲು ಬಂದದ್ದು ಗಲ್ಫ್‌ನ ರಟ್ಟಿನ ಪೆಟ್ಟಿಗೆಯಲ್ಲಿ. ಪೆಟ್ಟಿಗೆ ಬಿಚ್ಚುವಾಗ ಮಕ್ಕಳೆಲ್ಲ ಸುತ್ತ ಕೂರುತ್ತಿದ್ದೆವು. ಹಾಲಿನ ಪುಡಿ, ಚಾಕಲೇಟು, ಕಿತ್ತಳೆ ಬಣ್ಣದ ಟ್ಯಾಂಗ್ ಪುಡಿ. ಟ್ಯಾಂಗನ್ನು 1957ರಲ್ಲಿ ರೂಪಿಸಿದವರು ವಿಲಿಯಂ ಮಿಚೆಲ್ ಎಂಬ ರಸಾಯನ ವಿಜ್ಞಾನಿ. ಅದಕ್ಕೆ ಹೆಸರು ಬಂದದ್ದು ಅಮೆರಿಕದ ಗಗನಯಾತ್ರಿಗಳು ಕುಡಿದ ಮೇಲೆ. ನಮಗೆ ಅದೆಲ್ಲ ಗೊತ್ತಿರಲಿಲ್ಲ. ಬಾಪ ಮರಳುಗಾಡಿನಲ್ಲಿ ಬೆವರು ಸುರಿಸಿ ಕಳುಹಿಸಿದ್ದು ಎಂಬುದಷ್ಟೇ ಗೊತ್ತಿತ್ತು. ಆ ಪುಡಿಯ ರುಚಿಯಲ್ಲಿ ಬಾಪನ ಪ್ರೀತಿಯೂ ಬೆರೆತಿತ್ತು. ಅತಿಥಿ ಬಂದರೆ ಉಮ್ಮ ಲಿಂಬೆ ಶರಬತ್ತು ಬಿಟ್ಟು ಅದನ್ನೇ ಕೊಡುತ್ತಿದ್ದರು, ಅದೇ ಮರ್ಯಾದೆಯೆನಿಸಿತ್ತು. ಇಂದಿಗೂ ಆ ಭಾವನೆ ಪೂರ್ತಿ ಹೋಗಿಲ್ಲ. ಹೋಗಬೇಕಾದದ್ದು ಪೊಟ್ಟಣಕ್ಕಿಂತ ಮೊದಲು ಆ ಭಾವನೆ.

ಹಾಗೆಂದು ಎಲ್ಲ ಪೊಟ್ಟಣಗಳೂ ಒಂದೇ ಅಲ್ಲ. ಹಾಲು, ಗೋಧಿಹಿಟ್ಟು, ಬೇಳೆ, ಮೊಸರು ಪೊಟ್ಟಣದಲ್ಲೇ ಬರುತ್ತವೆ. ಬ್ರೆಜಿಲ್‌ನ ಕಾರ್ಲೋಸ್ ಮೊಂಟೇರೊ 2009ರಿಂದ ಬೆಳೆಸಿದ ವರ್ಗೀಕರಣದಲ್ಲಿ ಆಹಾರಕ್ಕೆ ನಾಲ್ಕು ಗುಂಪುಗಳಿವೆ. ಅವರು ಎಚ್ಚರಿಸುವುದು ಕೊನೆಯ ಗುಂಪಿನ ಬಗ್ಗೆ. ಅದನ್ನು ಗುರುತಿಸಲು ನಾನು ತಂಗಿಗೆ ಹೇಳಿಕೊಟ್ಟದ್ದು ಇಷ್ಟು: ಹಿಂಬದಿಯ ಪಟ್ಟಿಯಲ್ಲಿ ನಿನ್ನ ಅಡುಗೆ ಮನೆಯಲ್ಲಿ ಎಂದೂ ಇರದ ಹೆಸರುಗಳು ಎಷ್ಟಿವೆ ನೋಡು. ಮಾಲ್ಟೋಡೆಕ್ಸ್‌ಟ್ರಿನ್, ಲಿಕ್ವಿಡ್ ಗ್ಲೂಕೋಸ್, ಇನ್ವರ್ಟ್ ಸಿರಪ್. ನಮ್ಮ ದೇಶದ ನಿಯಮದಂತೆ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕು. ಒಂದೇ ಸಿಹಿಯನ್ನು ಮೂರು ಹೆಸರುಗಳಲ್ಲಿ ಹಂಚಿದರೆ ಪ್ರತಿಯೊಂದೂ ಪಟ್ಟಿಯಲ್ಲಿ ಕೆಳಗಿಳಿಯುತ್ತದೆ. ಕೋಲಾದಂಥ ಪಾನೀಯದಲ್ಲಿ 100 ಮಿಲಿಗೆ ಸುಮಾರು 10ರಿಂದ 11 ಗ್ರಾಂ ಸಕ್ಕರೆ. 300 ಮಿಲಿಯ ಬಾಟಲಿ ಮುಗಿದಾಗ ಏಳೆಂಟು ಚಮಚ ಸಕ್ಕರೆ ಒಳಗೆ ಹೋಗಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೂ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳಿತು ಎನ್ನುತ್ತದೆ. ಮುಂಬದಿಯ ದೊಡ್ಡ ಅಕ್ಷರಗಳನ್ನಂತೂ ನಂಬಲೇಬೇಡಿ. ಮಾಲ್ಟ್ ಪುಡಿಯಂಥ ಪೇಯಗಳನ್ನು ‘ಆರೋಗ್ಯ ಪೇಯ’ ಎಂಬ ವರ್ಗದಿಂದ ತೆಗೆಯಿರಿ ಎಂದು 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವೇ ಆನ್‌ಲೈನ್ ಮಾರಾಟಗಾರರಿಗೆ ಸೂಚಿಸಬೇಕಾಯಿತು. ಅದೇ ವರ್ಷ ಜೂನ್‌ನಲ್ಲಿ, ಸಾಂದ್ರರಸಕ್ಕೆ ನೀರು ಬೆರೆಸಿದ ಜ್ಯೂಸ್‌ಗಳ ಮೇಲೆ ‘100% ಹಣ್ಣಿನ ರಸ’ ಎಂದು ಬರೆಯಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ ಹೇಳಿತು.

ಚಿಲಿ ದೇಶದಲ್ಲಿ 2016ರಿಂದ ಇಂಥ ಪೊಟ್ಟಣಗಳ ಮುಂಬದಿಯಲ್ಲೇ ‘ಸಕ್ಕರೆ ಅಧಿಕ’, ‘ಉಪ್ಪು ಅಧಿಕ’ ಎಂದು ಕಪ್ಪು ಅಷ್ಟಕೋನದಲ್ಲಿ ಮುದ್ರಿಸಬೇಕು. ಅಕ್ಷರ ಬಾರದ ಅಜ್ಜಿಗೂ ಕಪ್ಪು ಗುರುತು ಕಾಣುತ್ತದೆ. ನಮ್ಮಲ್ಲಿ 2022ರ ಕರಡಿನಲ್ಲಿ ನಕ್ಷತ್ರ ಕೊಡುವ ಪದ್ಧತಿಯನ್ನು ಸೂಚಿಸಿದರು. ಚಿಪ್ಸ್‌ಗೆ ಒಂದು ನಕ್ಷತ್ರ ಸಿಕ್ಕರೂ ಮಗುವಿಗೆ ಅದು ಬಹುಮಾನದಂತೆ ಕಾಣುತ್ತದೆ. ನನ್ನ ಮತ ಕಪ್ಪು ಗುರುತಿಗೆ.

ತಾಯಂದಿರಿಗೆ ಉಪದೇಶ ಮಾಡುವಾಗ ಒಂದು ಎಚ್ಚರ ಬೇಕು. ಬೆಳಗಿನಿಂದ ಸಂಜೆಯವರೆಗೆ ಬೀಡಿ ಕಟ್ಟಿ ಮನೆ ನಡೆಸುವ ಹೆಂಗಸು, ಶಾಲೆಯಿಂದ ಬಂದ ಮಗುವಿನ ಕೈಗೆ ಐದು ರೂಪಾಯಿ ಇಡುವುದು ಸೋಮಾರಿತನದಿಂದಲ್ಲ. ಐದು ರೂಪಾಯಿಗೆ ಅಷ್ಟು ಬೇಗ ಮಗುವನ್ನು ಸುಮ್ಮನಾಗಿಸುವ ಬೇರೇನೂ ಅಂಗಡಿಯಲ್ಲಿ ಇಲ್ಲ. ಬೆಲೆ ಏರಿಸದೆ ತೂಕ ಇಳಿಸುತ್ತಾ ಆ ಐದು ರೂಪಾಯಿಯನ್ನು ಕಾಪಾಡಿಕೊಂಡು ಬಂದದ್ದೂ ಲೆಕ್ಕಾಚಾರವೇ. ನಮ್ಮ ಕರಿದ ಸಮೋಸವೂ ಸಾಚಾ ತಿಂಡಿಯೇನಲ್ಲ. ಆದರೆ ಅದಕ್ಕೊಂದು ಮಿತಿ ತಾನಾಗಿ ಇದೆ. ಹಿಟ್ಟು ನಾದಿ, ಮಡಚಿ, ಕರಿಯುವವರ ಕೈ ನೋಯುತ್ತದೆ, ಇಪ್ಪತ್ತಕ್ಕೆ ನಿಲ್ಲುತ್ತದೆ. ಕಾರ್ಖಾನೆಯ ಕೈ ನೋಯುವುದಿಲ್ಲ.

ಒಬ್ಬ ತಾಯಿಯ ಮೇಲೆ ಹೊರೆ ಹಾಕುವ ಬದಲು ಜಮಾಅತ್ ಮಾಡಬಹುದಾದದ್ದು ಬಹಳವಿದೆ. ಮೀಲಾದ್ ಮೆರವಣಿಗೆಯ ದಾರಿಯುದ್ದಕ್ಕೂ ಮಕ್ಕಳ ಕೈಗೆ ತಂಪು ಪಾನೀಯ, ಚಿಪ್ಸ್ ತುರುಕುವುದು ನಾವೇ. ಮದ್ರಸದ ಬಹುಮಾನ ಚಾಕಲೇಟು ಡಬ್ಬಿ, ಇಫ್ತಾರ್ ಕೂಟದ ಮೇಜಿನ ಮೇಲೆ ಎರಡು ಲೀಟರಿನ ಬಾಟಲಿಗಳ ಸಾಲು. ಬಡ ಕುಟುಂಬಗಳಿಗೆ ಹಂಚುವ ರಮಝಾನ್ ಕಿಟ್‌ನಲ್ಲಂತೂ ದಾನಿಗಳ ಹಣದಿಂದಲೇ ನೂಡಲ್ಸ್, ಕಿತ್ತಳೆ ಪುಡಿ ಹೋಗುತ್ತದೆ.

ನಮ್ಮ ಮಸೀದಿಯ ಸಮಿತಿಯಲ್ಲಿ ಈ ಸಲ ನಾನು ಇದನ್ನೇ ಎತ್ತಿದೆ. ಒಂದು ಗಂಟೆ ಚರ್ಚೆಯಾಯಿತು. “ಬಡವರ ಮಕ್ಕಳು ಅಷ್ಟೂ ತಿನ್ನಬಾರದೇ?” ಎಂದು ಒಬ್ಬ ಹಿರಿಯರು ನೊಂದುಕೊಂಡೇ ಕೇಳಿದರು. ಅವರ ಮಾತಿನಲ್ಲಿ ಕರುಣೆ ಇತ್ತು, ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಕೊನೆಗೆ ಕಿತ್ತಳೆ ಪುಡಿಯ ಬದಲು ಅರ್ಧ ಕಿಲೋ ಖರ್ಜೂರ ಹೆಚ್ಚಿಸಿದರು, ಜೀರಿಗೆ ಗಂಜಿಗೆಂದು ಕುಚ್ಚಲಕ್ಕಿ, ಹೆಸರುಕಾಳು ಸೇರಿಸಿದರು. ನೂಡಲ್ಸ್ ತೆಗೆಯಲು ಒಪ್ಪಲಿಲ್ಲ. ಮುಂದಿನ ವರ್ಷ ನೋಡೋಣ ಎಂದಿದ್ದಾರೆ. ತಂಗಿಯ ಮನೆಯಲ್ಲಿ ಫ್ರಿಜ್‌ನ ಬಾಟಲಿ ಹೋಗಿದೆ. ಹುಡುಗನಿಗೆ ಬೈಯುವುದನ್ನು ಭಾವ ನಿಲ್ಲಿಸಿದ್ದಾರೆ. ಗೂಡಂಗಡಿ ಮಾತ್ರ ಶಾಲೆಯ ದಾರಿಯಲ್ಲಿ ಅಲ್ಲೇ ಇದೆ, ಅವನು ದಿನವೂ ಅದರ ಮುಂದೆಯೇ ಹಾದು ಬರುತ್ತಾನೆ. ಮುಂದಿನ ಸ್ಕ್ಯಾನ್‌ಗೆ ಇನ್ನೂ ಎರಡು ತಿಂಗಳಿದೆ.